ನೊರೆ ಬಾರದ ಬಾವಿನೀರು

ಮೊಮ್ಮಗಳ ತಲೆಗೆ ಸೋಪು ಹಚ್ಚಿದೆ. ನೊರೆ ಬರಲಿಲ್ಲ.

ಬಚ್ಚಲಲ್ಲಿ ಕಾಲು ನೀಡಿ ಕೂತು ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡಿದ್ದೆ. ಮಗಳಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಹೆಣ್ಣುಕೂಸು. ಸಂಕ್ರಾಂತಿ ಕಳೆದು ನಾಲ್ಕನೇ ದಿನ ಹುಟ್ಟಿತು. ಆ ಸುದ್ದಿಯನ್ನು ಸಿದ್ದಾಪುರದ ಬಸ್ಸಿನ ಕಂಡಕ್ಟರಿಗೂ ಹೇಳಿದ್ದೇನೆ, ಮೀನು ಮಾರುವವಳಿಗೂ ಹೇಳಿದ್ದೇನೆ, ರೇಷನ್ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಗುರುತಿಲ್ಲದ ಗಂಡಸಿಗೂ ಹೇಳಿದ್ದೇನೆ. ಅವನು ಪಾಪ, ತನ್ನ ಜಾಗ ನನಗೆ ಬಿಟ್ಟುಕೊಟ್ಟು ಹಿಂದೆ ಹೋಗಿ ನಿಂತ. ಕೂಸಿನ ಎಡಗಿವಿ ನನ್ನ ಅವ್ವನ ಎಡಗಿವಿಯೇ. ಮೇಲಿನ ಮಡಿಕೆ ಸಹಿತ ಹಾಗೇ ಇದೆ. ಇದನ್ನು ಯಾರೂ ಕೇಳದಿದ್ದರೂ ನಾನು ಹೇಳುತ್ತೇನೆ.

ಇನ್ನೊಮ್ಮೆ ಸೋಪು ತಿಕ್ಕಿದೆ. ತಲೆ ಮೇಲೆ ಬಿಳೀ ಸುಣ್ಣದ ಹಾಗೆ ಮೆತ್ತಿಕೊಂಡಿತೇ ಹೊರತು ಗುಳ್ಳೆ ಏಳಲಿಲ್ಲ.

"ಎಂತಾ ಸೋಪು ತಂದಿದೀಯೆ ಮಾರಾಯ್ತಿ, ಕಲ್ಲು ತಿಕ್ಕಿದಂಗೆ ಆಗ್ತದೆ" ಎಂದು ಮಗಳಿಗೆ ಕೂಗಿದೆ.

"ಅವ್ವಾ, ಅದು ನೀನೇ ತಂದಿದ್ದು" ಎಂದಳು ಒಳಗಿನಿಂದ.

ಕೂಸು ಕಾಲು ಝಾಡಿಸಿತು. ಹಂಡೆಯ ನೀರಿನ ಹನಿಯೊಂದು ನನ್ನ ತುಟಿಗೆ ಹಾರಿತು. ನಾಲಿಗೆ ತಾನಾಗಿಯೇ ಹೋಗಿ ನೆಕ್ಕಿತು. ಆ ರುಚಿ ನನಗೆ ಗೊತ್ತಿತ್ತು. ಆದರೆ ಆ ಹೊತ್ತಿಗೆ ಗೊತ್ತಿಲ್ಲ ಅಂತಲೇ ಅಂದುಕೊಂಡೆ. ಮಾರನೇ ದಿನದಿಂದ ಸೋಪು ಬಿಟ್ಟು ಕಡ್ಲೆಹಿಟ್ಟು ಹಚ್ಚಿದೆ.

ನಾನು ಉಪ್ಪಿನಕಾಯಿ ಕಂಪನಿಯಲ್ಲಿ ಉಪ್ಪು ಹಾಕುವವಳು. ನಾಲ್ಕನೇ ಕ್ಲಾಸಿನ ತನಕ ಓದಿದ್ದೇನೆ. ಶಿರಸಿಗೂ ಸಿದ್ದಾಪುರಕ್ಕೂ ನಡುವೆ ರಸ್ತೆಯ ಮೇಲ್ಗಡೆ ದಿಬ್ಬದಲ್ಲಿ ನಮ್ಮ ಶೆಡ್ಡು. ದಿಬ್ಬದ ಕೆಳಗೆ ನಮ್ಮ ಕೇರಿ, ಕೇರಿಗೆಲ್ಲ ಒಂದೇ ಬಾವಿ. ಶಿವರಾತ್ರಿಯ ಹೊತ್ತಿಗೆ ಯಲ್ಲಾಪುರದ ಕಡೆಯ ಹಳ್ಳದ ದಂಡೆಯ ಕಾಡುಮರಗಳಿಂದ ಅಪ್ಪೆಮಿಡಿ ಪಿಕಪ್ಪಿನಲ್ಲಿ ಬಂದಿಳಿಯುತ್ತದೆ. ಹೆಬ್ಬೆರಳ ಗಾತ್ರದ ಎಳೇ ಮಾವಿನಕಾಯಿ. ತೊಟ್ಟು ಮುರಿಯದೆ ಕೊಯ್ದಿರಬೇಕು. ಮೇಲಿಂದ ಉದುರಿಸಿದ್ದರೆ ಒಳಗೆ ಪೆಟ್ಟಾಗಿರುತ್ತದೆ, ಅಂಥದ್ದು ಡ್ರಮ್ಮಿನಲ್ಲಿ ಕೊಳೆತು ಪಕ್ಕದವನ್ನೂ ಕೆಡಿಸುತ್ತದೆ. ತೊಳೆದು, ಬಟ್ಟೆ ಮೇಲೆ ಆರಿಸಿ, ಒಂದು ಪದರ ಮಿಡಿ ಒಂದು ಪದರ ಹರಳುಪ್ಪು ಹಾಕುತ್ತ ಡ್ರಮ್ಮು ತುಂಬಿ ಮೇಲೆ ಭಾರ ಹೇರಬೇಕು. ಮೂರ್ನಾಲ್ಕು ದಿನಕ್ಕೆ ಮಿಡಿ ನೀರು ಬಿಡುತ್ತದೆ. ಆ ಉಪ್ಪುನೀರನ್ನು ದಿನಾ ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗಿಟ್ಟು, ಉಪ್ಪು ಸಾಕೋ ಬೇಕೋ ಹೇಳುವುದು ನನ್ನ ಕೆಲಸ. ಉಪ್ಪು ಅಳೆಯುವ ಮೀಟರು ಇದೆ. ಮೀಟರಿನವರು ಬಂದು ನನ್ನನ್ನು ಕೇಳಿಯೇ ಬರೆದುಕೊಳ್ಳುತ್ತಾರೆ.

ಮನೆಯಲ್ಲಾದರೆ ಈ ಉಪ್ಪುನೀರನ್ನು ಯಾರೂ ಚೆಲ್ಲುವುದಿಲ್ಲ. ಅದಕ್ಕೆ ಒಗ್ಗರಣೆ ಕೊಟ್ಟು ನೀರು ಸೇರಿಸಿದರೆ ಅಪ್ಪೆಹುಳಿ. ಊಟದ ಕೊನೆಗೆ ಒಂದು ಲೋಟ ಕುಡಿದರೆ ಅಲ್ಲೇ ನಿದ್ದೆ ಬರಬೇಕು. ಶೆಡ್ಡು ಶುರುವಾದಾಗ ಅದು ಇಲ್ಲಿಯವರದೇ ಒಂದು ಮನೆತನದ್ದು. ಯಜಮಾನರು ಪ್ರತಿವರ್ಷ ಮೊದಲ ಡ್ರಮ್ಮು ತೆರೆದ ದಿನ ಬಾಗಿಲಲ್ಲಿ ತಾವೇ ಸೌಟು ಹಿಡಿದು ನಿಲ್ಲುತ್ತಿದ್ದರು. ಕೇರಿಯವರೆಲ್ಲ ಕುಡಿಕೆ, ಬಾಟಲಿ, ಚೊಂಬು ಹಿಡಿದು ಬರುವರು. ಸೌಟು ಹಾಕುತ್ತ ಯಜಮಾನರು ಒಂದೊಂದು ಮಾತು ಕೇಳುವರು. ನಿಮ್ಮನೆ ದನ ಕರು ಹಾಕ್ತಾ, ಮಗನಿಗೆ ಜ್ವರ ಬಿಡ್ತಾ. ಬಂದವರೂ ಸುಮ್ಮನಿರುತ್ತಿರಲಿಲ್ಲ. ನಿಮ್ಮ ಲಾರಿ ನಮ್ಮ ಬೇಲಿ ಕೆಡವಿದೆ, ನಿಮ್ಮ ಮೆಣಸಿನ ಘಾಟಿಗೆ ನಮ್ಮತ್ತೆ ಕೆಮ್ಮುತ್ತಾರೆ ಎಂದು ಅಲ್ಲೇ ಜಗಳ ಮಾಡಿ, ಅಲ್ಲೇ ಉಪ್ಪುನೀರು ತುಂಬಿಸಿಕೊಂಡು ಹೋಗುವರು. ಮರುದಿನ ಬೇಲಿ ಸರಿಯಾಗಿರುತ್ತಿತ್ತು.

ಯಜಮಾನರಿಗೆ ವಯಸ್ಸಾಯಿತು. ಎರಡು ವರ್ಷದ ಹಿಂದೆ ಶೆಡ್ಡನ್ನು ದೂರದ ಊರಿನ ದೊಡ್ಡ ಕಂಪನಿಗೆ ಕೊಟ್ಟರು. ಹೊಸಬರು ಕೆಟ್ಟವರೆಂದು ನಾನು ಹೇಳಿದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಕೈಗವಸು ಬಂತು, ಕಾಲಿಗೆ ಬೂಟು ಬಂತು, ಹೆಂಗಸರಿಗೆ ಬೇರೆ ಪಾಯಿಖಾನೆ ಬಂತು. ಮ್ಯಾನೇಜರೂ ಯಲ್ಲಾಪುರದ ಕಡೆಯವರು, ಮರದ ನಾಟಾ ಲಾರಿ ಓಡಿಸುವವರ ಮಗ, ನಮ್ಮ ಜೊತೆ ನೆಲದ ಮೇಲೆ ಕೂತು ಚಾ ಕುಡಿಯುವವರು. ಆದರೆ ಉಪ್ಪುನೀರು ಹಂಚುವುದು ಮಾತ್ರ ನಿಂತಿತು. ಚೀಟಿ ಅಂಟಿಸದ ತಿನ್ನುವ ಪದಾರ್ಥ ಹೊರಗೆ ಹೋಗಬಾರದು ಎಂದು ಮೇಲಿನ ಆಫೀಸಿನ ಕಾನೂನು. ಅದೂ ಸರಿಯೇ ಅಂತ ಕಂಡಿತು. ಅಲ್ಲಿಂದ ಮುಂದೆ ಕೇರಿಯವರಿಗೆ ಶೆಡ್ಡಿನ ಬಾಗಿಲಿಗೆ ಬರುವ ಕೆಲಸವೇ ಉಳಿಯಲಿಲ್ಲ.

ಕೆಲಸ ಎರಡುಪಟ್ಟಾಯಿತು. ಉಪ್ಪಿನಲ್ಲಿಟ್ಟ ಮಿಡಿಗೆ ಮಸಾಲೆ ಹಾಕುವ ಮುಂಚೆ ಉಪ್ಪು ಇಳಿಸಬೇಕು. ಅಂದರೆ ಸಿಹಿನೀರಿನಲ್ಲಿ ಮೂರು ಸಲ ನೆನೆಹಾಕಿ ತೆಗೆಯಬೇಕು. ಆ ಮೂರೂ ಸಲದ ನೀರು ಸಿಮೆಂಟಿನ ಟಾಕಿಗೆ ಹೋಗಿ ಬಿಸಿಲಿಗೆ ಆರಬೇಕು. ಟಾಕಿ ಹಳೇ ಕಾಲದ ಅಳತೆಯದು. ಹೋದ ವರ್ಷ ದಸರೆಯ ಹೊತ್ತಿಗೇ ತುಂಬಿ ತುಳುಕಿತು.

"ಟಾಕಿ ಸಾಕಾಗ್ತದಾ ಅಕ್ಕಾ?" ಎಂದು ಮ್ಯಾನೇಜರು ಕೇಳಿದ್ದರು.

"ನಾ ನೋಡ್ಕಳ್ತೆ ಬಿಡಿ" ಅಂದಿದ್ದೆ.

ನೋಡಿಕೊಂಡಿದ್ದು ಹೇಗೆಂದರೆ, ಶೆಡ್ಡಿನ ಹಿಂದೆ ಕೆಂಪುಕಲ್ಲು ಕಡಿದು ತೆಗೆದ ಹಳೇ ಹೊಂಡವಿತ್ತು. ಡ್ರಮ್ಮು ತೊಳೆಯುವವನು ಗುಡ್ನಾಪುರದ ಕಡೆಯವನು. ಅವನಿಗೆ ಪೈಪನ್ನು ಅದಕ್ಕೆ ತಿರುಗಿಸು ಅಂದೆ. ಬಿಟ್ಟ ನೀರು ಸಂಜೆಯೊಳಗೆ ಮಾಯವಾಯಿತು. ಮರುದಿನ ಮತ್ತೆ ಬಿಟ್ಟೆವು, ಮತ್ತೆ ಮಾಯ.

"ಏನ್ ಹೊಂಡಾ ಐತ್ರಿ ಅಮ್ಮಾರ, ನಮ್ಮೂರ ಕೆರಿ ನೀರೂ ಕುಡೀತೈತಿ ಇದು" ಎಂದು ಅವನು ನಕ್ಕ. ಅದಕ್ಕೆ ಕುಡುಕ ಹೊಂಡ ಎಂದು ಹೆಸರಿಟ್ಟೆವು. ನನ್ನ ಬುದ್ಧಿಗೆ ಶೆಡ್ಡಿನವರೆಲ್ಲ ತಲೆದೂಗಿದರು. ಕುಡಿದವನು ಎಲ್ಲಾದರೂ ಹೋಗಿ ಕಾರಲೇಬೇಕಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಮನೆಯಲ್ಲಿ ಒಂದು ಸೌಟು ಉಪ್ಪುನೀರು ಮಲ್ಲಿಗೆ ಬುಡಕ್ಕೆ ಬಿದ್ದರೆ ಮಗಳ ಕೈಗೆ ಹೊಡೆದವಳು ನಾನು. ಕಂಪನಿಯ ಪೈಪು ಎಂದರೆ ಅದು ಬೇರೆಯೇ ಲೋಕದ ನೀರು ಅಂದುಕೊಂಡಿದ್ದೆ.

ಇದಿಷ್ಟು ಹಿಂದಿನ ಕಥೆ. ಸೋಪು ನೊರೆ ಬಿಡದ ವಾರವೇ ನಮ್ಮ ಮನೆಯ ಬೇಳೆ ಬೇಯುವುದು ನಿಂತಿತು. ಬಾಣಂತಿ ಮನೆಯೆಂದು ಎಲ್ಲರೂ ಶುಂಠಿ ಹಾಕಿ ಕಾಯಿಸಿದ ನೀರನ್ನೇ ಕುಡಿಯುತ್ತಿದ್ದೆವು, ಕುಡಿಯುವಾಗ ರುಚಿ ಗೊತ್ತಾಗಿರಲಿಲ್ಲ. ಅದೇ ವಾರ ಮೇಲಿನ ಆಫೀಸಿನಿಂದ ಒಬ್ಬ ಮೇಡಂ ಬಂದರು. ಕಂಪನಿಯ ದಾನಧರ್ಮದ ವಿಭಾಗ ಅವರದು. ಪಾಪ, ಮುಖ ನೋಡಿದರೆ ಊಟ ಬಡಿಸಬೇಕು ಅನ್ನಿಸುವಂಥವರು. ನಮ್ಮನ್ನೆಲ್ಲ ಕೂರಿಸಿ, ಕೆಳಗಿನ ಕೇರಿಯ ಬಾವಿ ಬೇಸಿಗೆಗೆ ಸವಳಾಗಿದೆ ಎಂದು ಮ್ಯಾನೇಜರು ಬರೆದಿದ್ದರು, ಕಂಪನಿ ಅಲ್ಲಿಗೆ ನೀರು ಶುದ್ಧ ಮಾಡುವ ಮೆಷಿನ್ನು ಕೊಡುತ್ತದೆ, ಯುಗಾದಿಯ ದಿನ ಉದ್ಘಾಟನೆ ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು.

"ಸ್ವಿಚ್ ಒತ್ತೋದು ಯಾರು ಗೊತ್ತಾ? ನಮ್ಮ ಅಜ್ಜಿ" ಎಂದರು ಮ್ಯಾನೇಜರು. ಕೂಸು ಹುಟ್ಟಿದ ದಿನದಿಂದ ಅಕ್ಕ ಹೋಗಿ ಅಜ್ಜಿ ಆಗಿದ್ದೆ. "ಕೇರಿಯವರೂ ಹೌದು, ಶೆಡ್ಡಿನ ಹಿರಿಯರೂ ಹೌದು. ಮೊಮ್ಮಗಳನ್ನ ಎತ್ಕೊಂಡೇ ಒತ್ಲಿ."

ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ. ಕೂಸಿಗೆ ಯಾವ ಅಂಗಿ ಹಾಕುವುದು ಎಂದು ಅಲ್ಲೇ ಕೂತು ಯೋಚಿಸಿದೆ. ಆಮೇಲೆ ಡ್ರಮ್ಮಿನ ಹತ್ತಿರ ಹೋಗಿ ಬೆರಳು ಅದ್ದಿ ನಾಲಿಗೆಗಿಟ್ಟೆ. ಬಚ್ಚಲಲ್ಲಿ ತುಟಿಗೆ ಹಾರಿದ ಹನಿಯ ನೆನಪಾಯಿತು. ಈ ಸಲ ಗೊತ್ತಿಲ್ಲ ಅನ್ನಲು ಆಗಲಿಲ್ಲ.

ಮರುದಿನ ಕೆಲಸಕ್ಕೆ ಒಂದು ತಾಸು ಮುಂಚೆ ಮನೆಯಿಂದ ಹೊರಟೆ. ಮೊದಲು ಶೆಡ್ಡಿಗಿಂತ ಮೇಲ್ಗಡೆ ಇರುವ ಕಂಪನಿಯ ಬಾವಿಯ ನೀರು ಕುಡಿದೆ, ಸಿಹಿ. ಅಲ್ಲಿಂದ ಹೊಂಡಕ್ಕೆ ಬಂದೆ. ಹೊಂಡದ ಕೆಳಗೆ ಕಡಿದಾದ ಮಣ್ಣಿನ ದರೆಯಲ್ಲಿ ಒಂದು ಒರತೆ ಇದೆ, ಬೇಸಿಗೆಯಲ್ಲೂ ಬೆರಳಷ್ಟು ನೀರು ಒಸರುತ್ತದೆ. ಸುತ್ತಲಿನ ಜರಿಗಿಡವೆಲ್ಲ ಕಂದಿ ಹೋಗಿತ್ತು. ಅಲ್ಲಿಯ ಹಾವಸೆಯನ್ನು ಕಿತ್ತು ಅಂಗೈಯಲ್ಲಿ ಉಜ್ಜಿ ಮೂಸಿದೆ. ಜೀರಿಗೆಯ ವಾಸನೆ. ಅಪ್ಪೆಮಿಡಿಯಲ್ಲಿ ಒಂದೊಂದು ಮರದ್ದು ಒಂದೊಂದು ಪರಿಮಳ. ದಸರೆಯಿಂದ ನಾವು ಉಪ್ಪು ಇಳಿಸಿದ್ದರಲ್ಲಿ ಹೆಚ್ಚಿನದು ಜೀರಿಗೆಯ ಪರಿಮಳದ ಜೀರಿಗೆ ಮಿಡಿ. ಆ ಒರತೆ ಇಳಿಯುವುದು ನಮ್ಮ ಬಾವಿಗೆ.

ದರೆಯ ಮೇಲೆಯೇ ಕೂತುಬಿಟ್ಟೆ. ಮೂಸಿದ ಕೈಯನ್ನು ಸೆರಗಿಗೆ ಎಷ್ಟು ಒರೆಸಿದರೂ ವಾಸನೆ ಹೋಗಲಿಲ್ಲ.

ಮಸಾಲೆ ಹುರಿಯುವ ನನ್ನ ಜೊತೆಗಾತಿಗೆ ಮಾತ್ರ ಹೇಳಿದೆ. ಹವ್ಯಕರ ಮನೆಯವಳು, ಸಾಸಿವೆ ಸಿಡಿಯುವ ಸದ್ದಿನಲ್ಲೇ ಹದ ಹೇಳುವವಳು. ಅವಳು ಬಾಣಲೆಯಿಂದ ಕಣ್ಣು ಎತ್ತಲಿಲ್ಲ.

"ಆನು ಹೇಳ್ತೆ ಕೇಳು. ಮೆಷಿನ್ನು ಬತ್ತು, ನೀರು ಸಿಗ್ತು, ಅಡ್ಡಿಲ್ಲೆ. ಈಗ ನೀ ಬಾಯಿ ಬಿಟ್ರೆ ಶೆಡ್ಡು ಮುಚ್ಚಿದ್ರೆ ಎಂತ ಮಾಡದು? ನಲವತ್ತು ಹೆಂಗಸರ ಕೈ ಇದ್ದು ಇಲ್ಲಿ."

"ಕೂಸಿಗೆ ಮೆಷಿನ್ನಿನ ನೀರಲ್ಲಿ ಮೀಯಿಸಕ್ಕೆ ಆಗ್ತದನೆ? ದಿನಕ್ಕೆ ಮನೆಗೆ ಒಂದು ಕ್ಯಾನು ಅಂತೆ. ದನಕ್ಕೆ? ಬಟ್ಟೆಗೆ?"

"ಅದು ನಂಗೆ ಗೊತ್ತಿಲ್ಲೆ" ಎಂದಳು. ಆ ದಿನ ಅವಳ ಸಾಸಿವೆ ಕರಟಿತು. ಅವಳ ಸಾಸಿವೆ ಕರಟಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಸಂಜೆ ಬಾವಿಕಟ್ಟೆಯಲ್ಲಿ ಪಕ್ಕದ ಮನೆಯ ಅತ್ತಿಗೆ ಸಿಕ್ಕಳು. ನನ್ನ ಗಂಡನ ಕಡೆಯಿಂದ ಸಂಬಂಧ, ನಾಲಿಗೆ ಮಾತ್ರ ಯಾರ ಸಂಬಂಧವೂ ನೋಡುವುದಿಲ್ಲ. ಬಾವಿ ನೀರು ಯಾವಾಗಿನಿಂದ ಹೀಗಾಯಿತು ಎಂದು ಕೇಳಿದೆ.

"ಶಿವರಾತ್ರಿಗೂ ಮುಂಚೆಯಿಂದ. ನಿಮ್ಮ ಶೆಡ್ಡಿನ ನೀರು ಅಂತ ಎಲ್ಲರಿಗೂ ಗೊತ್ತು."

"ಗೊತ್ತಿದ್ದೂ ಹೇಳ್ಲಿಲ್ಲೇನೆ ನಂಗೆ?"

"ಎಂತ ಅಂತ ಹೇಳದು? ಒಂಬತ್ತು ವರ್ಷಕ್ಕೆ ಕೂಸು ಆಗಿದೆ. ನೀ ಊರೆಲ್ಲ ಹಲ್ಲು ಬಿಟ್ಕಂಡು ತಿರುಗ್ತಿದ್ದೆ. ಮೂರು ತಿಂಗಳು ಕಳೀಲಿ, ಬಾಣಂತನ ಮುಗೀಲಿ, ಆಮೇಲೆ ಬೈಯನ ಅಂತ ಮಾಡಿದ್ವು." ಕೊಡ ಸೊಂಟಕ್ಕಿಟ್ಟುಕೊಂಡು ಮತ್ತೆ ಅಂದಳು, "ಮುಂಚೆಯಾದ್ರೆ ಕುಡಿಕೆ ಹಿಡ್ಕಂಡು ಬಾಗಿಲಿಗೆ ಬಂದು ಹೇಳ್ತಿದ್ವು. ಈಗ ಗೇಟಲ್ಲಿ ರಿಜಿಸ್ಟರ್ ಬರೀಬೇಕು. ಬೈಯಕ್ಕೆ ಬಂದಿದೀನಿ ಅಂತ ಬರಿಯದಾ?"

ನಮ್ಮ ಮನೆಯ ಖುಷಿ ಕೆಡಿಸಬಾರದೆಂದು ಕೇರಿಗೆ ಕೇರಿಯೇ ಸವಳು ನೀರು ಕುಡಿದಿತ್ತು. ಇಂಥ ಜನರ ಮಧ್ಯೆ ಕೂಸನ್ನು ಎತ್ತಿಕೊಂಡು ಸ್ವಿಚ್ಚು ಒತ್ತಲಿಕ್ಕೆ ನನ್ನ ಕೈ ಬರುವುದಿಲ್ಲ ಎಂದು ಬಾವಿಕಟ್ಟೆಯಲ್ಲೇ ತೀರ್ಮಾನವಾಯಿತು.

ಆದರೆ ಹೇಳುವುದು ಹೇಗೆ? ನನಗೆ ಇಂಗ್ಲಿಷ್ ಬರುವುದಿಲ್ಲ, ಅರ್ಜಿ ಬರೆದರೆ ಕೊಂಬು ದೀರ್ಘ ತಪ್ಪುತ್ತದೆ. ಬರುವುದು ಅಡುಗೆ. ಯುಗಾದಿಗೆ ಎಂಟು ದಿನ ಇರುವಾಗ ಮೇಡಂ ಮತ್ತೆ ಬಂದರು. ಮೆಷಿನ್ನು ಕೂರಿಸುವ ಮಿಸ್ತ್ರಿಯೂ ಜೊತೆಗಿದ್ದ. ಬಣ್ಣ ಬಳಿದ ಬೋರ್ಡೂ ಬಂದಿತ್ತು, ಬಾಗಿಲಿನಷ್ಟು ದೊಡ್ಡದು. ಆ ದಿನ ಕ್ಯಾಂಟೀನಿನಲ್ಲಿ ಒಂದೇ ಅಳತೆಯ ಎರಡು ಬೋಗುಣಿ ಇಟ್ಟೆ. ಒಂದಕ್ಕೆ ಮೇಲಿನ ಬಾವಿಯ ನೀರು, ಒಂದಕ್ಕೆ ನಮ್ಮ ಬಾವಿಯ ನೀರು. ಒಂದೇ ಡಬ್ಬದ ತೊಗರಿಬೇಳೆಯನ್ನು ಎರಡಕ್ಕೂ ಎರಡೆರಡು ಲೋಟ ಹಾಕಿ, ಒಂದೇ ಉರಿಯಲ್ಲಿ ಒಂದು ತಾಸು ಬೇಯಿಸಿದೆ. ಮಧ್ಯಾಹ್ನ ಮೇಡಂ, ಮ್ಯಾನೇಜರು, ಮಿಸ್ತ್ರಿ ಊಟಕ್ಕೆ ಕೂತಾಗ ಎರಡರಿಂದಲೂ ಬಡಿಸಿದೆ. ಒಂದು ಬೆಣ್ಣೆಯ ಹಾಗೆ ಕರಗಿತ್ತು. ಇನ್ನೊಂದರಲ್ಲಿ ಬೇಳೆಕಾಳು ಎಣಿಸಬಹುದಿತ್ತು.

ಮೇಡಂ ಅಗಿದರು. "ಇದು ಬೆಂದಿಲ್ಲ ಅಜ್ಜಿ."

"ಹೌದು, ಬೇಯೂದಿಲ್ಲ. ಅದು ನಮ್ಮ ಬಾವಿ ನೀರು. ಸವಳು ಮಾಡಿದ್ದು ಬೇಸಿಗೆಯಲ್ಲ, ನಾನು" ಎಂದೆ. ಹೊಂಡದಿಂದ ಹಿಡಿದು ಒರತೆಯ ತನಕ ಹೇಳಿದೆ. ನಡುವೆ ಎಲ್ಲೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಶುರುಮಾಡಲು ಆಗುತ್ತಿರಲಿಲ್ಲ.

ಮ್ಯಾನೇಜರು ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ, "ಅಜ್ಜಿ, ಉದ್ಘಾಟನೆ ಒಂದು ಮುಗೀಲಿ. ಕರೆಯೋರನ್ನೆಲ್ಲ ಕರೆದಾಗಿದೆ. ಆಮೇಲೆ ಹೊಂಡ ಮುಚ್ಚಿಸ್ತೇನೆ, ಯಾರು ಬಿಟ್ರು ಅಂತ ನಾ ಯಾರಿಗೂ ಹೇಳಲ್ಲ" ಎಂದರು. ನನ್ನನ್ನು ಉಳಿಸಲಿಕ್ಕೇ ಆ ಮಾತು ಹೇಳಿದ್ದು. ಅದು ನನಗೆ ಗೊತ್ತಾಯಿತು, ಅದಕ್ಕೇ ಇನ್ನೂ ಕಷ್ಟವಾಯಿತು.

"ನೀವು ಹೇಳದಿದ್ರೆ ಕೇರಿಗೆ ಗೊತ್ತಾಗಲ್ವ ತಮ್ಮಾ? ಅವ್ರಿಗೆ ನಮಗಿಂತ ಮುಂಚೆ ಗೊತ್ತಿದೆ. ನಾ ಸ್ವಿಚ್ ಒತ್ತೂದಿಲ್ಲ."

ಮೇಡಂ ಬೇಯದ ಬೇಳೆಯನ್ನೇ ಅನ್ನಕ್ಕೆ ಕಲಸುತ್ತಿದ್ದರು. ಒಮ್ಮೆಗೇ ಮಿಸ್ತ್ರಿಯ ಕಡೆ ತಿರುಗಿ ಕೇಳಿದರು, "ಈ ಮೆಷಿನ್ ಉಪ್ಪು ತೆಗೆಯುತ್ತಲ್ಲ, ತೆಗೆದ ಉಪ್ಪುನೀರು ಎಲ್ಲಿಗೆ ಬಿಡ್ತೀರಿ?"

"ಪಕ್ಕದ ಚರಂಡಿಗೆ ಮೇಡಂ."

"ಚರಂಡಿ ಎಲ್ಲಿದೆ?"

"ಬಾವಿ ಹಿಂದೆ."

ಮೇಡಂ ಎದ್ದು ಕೈ ತೊಳೆದು ಬಂದರು. "ಎರಡು ಸಲ ಬಂದಿದ್ದೆ. ಬಾವಿ ಮುಂದೆ ನಿಂತು ಫೋಟೋ ತೆಗೆದೆ. ಒಂದು ಗುಟುಕು ಕುಡಿದು ನೋಡಲಿಲ್ಲ" ಎಂದರು. ನಮ್ಮಲ್ಲಿ ಯಾರಿಗೂ ಹೇಳಿದ್ದಲ್ಲ ಅದು. ಆಮೇಲೆ ಫೋನು ಹಿಡಿದು ಹೊರಗೆ ಹೋದರು, ಬಿಸಿಲಲ್ಲಿ ಬಹಳ ಹೊತ್ತು ನಿಂತಿದ್ದರು. ಒಳಗೆ ಮ್ಯಾನೇಜರು ನನ್ನ ಕಡೆ ನೋಡಿ ಮೆಲ್ಲಗೆ, "ಟಾಕಿ ಸಾಕಾಗ್ತದಾ ಅಂತ ಕೇಳಿದ್ದೆ. ಸಾಕಾಗದಿದ್ದದ್ದು ಎಲ್ಲಿಗೆ ಹೋಯ್ತು ಅಂತ ಕೇಳಲಿಲ್ಲ. ನೀವೊಬ್ಬರೇ ಮಾಡಿದ್ದಲ್ಲ ಅಜ್ಜಿ" ಎಂದರು.

ಮೇಡಂ ಒಳಗೆ ಬಂದು, ಉದ್ಘಾಟನೆ ಇಲ್ಲ, ಬಾವಿ ಸರಿಮಾಡುವುದು ಮೊದಲು ಎಂದರು.

ಶೆಡ್ಡು ಮುಚ್ಚಲಿಲ್ಲ, ಆದರೆ ಅರ್ಧ ನಿಂತಿತು. ಯಲ್ಲಾಪುರದ ಮಿಡಿ ಬರುವುದನ್ನು ನಿಲ್ಲಿಸಲು ಆಗುವುದಿಲ್ಲ. ಒಂದು ವಾರ ಬಿಟ್ಟರೆ ಮಿಡಿ ಕಾಯಾಗುತ್ತದೆ, ಮರ ಹತ್ತುವವರ ವರ್ಷದ ಕೆಲಸ ಹೋಗುತ್ತದೆ. ಹಾಗಾಗಿ ಉಪ್ಪು ಹಾಕುವುದು ನಡೆಯಲಿ, ಉಪ್ಪು ಇಳಿಸುವುದು ನಿಲ್ಲಲಿ ಎಂದಾಯಿತು. ಬಾಟಲಿ ತುಂಬುವ ಸಾಲು ಖಾಲಿ ಹೊಡೆಯಿತು. ಮೇಲಿನ ಆಫೀಸಿನಿಂದ ದಿನಾ ಫೋನು. ಎಲ್ಲವನ್ನೂ ಮೇಡಮ್ಮೇ ಎತ್ತುತ್ತಿದ್ದರು. ಅದೇ ವಾರ ಹೊಂಡದ ಪೈಪು ಕಿತ್ತು, ಮೇಲಿನ ಬಾವಿಯಿಂದ ಕೇರಿಗೆ ಪೈಪು ಎಳೆದರು. ಕೂಸಿನ ಹಂಡೆಗೆ ಸಿಹಿನೀರು ಬಂತು.

ಇಳಿಸಿದ ಉಪ್ಪುನೀರಿಗೆ ಏನು ಮಾಡುವುದು ಎಂದು ಮೂರು ದಿನ ತಲೆ ಕೆಡಿಸಿಕೊಂಡೆವು. ಬಟ್ಟೆ ಒಗೆಯುವಾಗ ನನಗೊಂದು ಹೊಳೆಯಿತು. ಬಾಣಂತಿ ಮನೆಯಲ್ಲಿ ಬಟ್ಟೆಗೇನು ಕಮ್ಮಿ. ಕೊನೆಯ ಜಾಲಾಟದ ನೀರನ್ನು ನಾವು ಚೆಲ್ಲುತ್ತೇವೆಯೇ? ಮುಂದಿನ ಬಟ್ಟೆಯ ಮೊದಲ ನೀರಿಗೆ ಇಟ್ಟುಕೊಳ್ಳುತ್ತೇವೆ. ಉಪ್ಪು ಇಳಿಸುವುದನ್ನು ಮತ್ತೆ ಶುರುಮಾಡಿ ಮಿಡಿಗೂ ಹಾಗೇ ಮಾಡಿದೆವು. ಒಂದು ಡ್ರಮ್ಮಿನ ಮೂರನೇ ನೀರು ಮುಂದಿನ ಡ್ರಮ್ಮಿಗೆ ಎರಡನೇ ನೀರಾಯಿತು. ಎರಡನೆಯದು ಮೊದಲ ನೀರಾಯಿತು. ಮೊದಲನೆಯದು ಎಲ್ಲಕ್ಕಿಂತ ಕಡು ಉಪ್ಪಿನದು, ಅದನ್ನು ಕಾಯಿಸಿ ಆರಿಸಿ ಹೊಸ ಮಿಡಿಯ ಡ್ರಮ್ಮಿಗೆ ಸುರಿದೆವು. ಮೂರು ಡ್ರಮ್ಮು ಸಿಹಿನೀರು ಬೇಕಿದ್ದಲ್ಲಿ ಒಂದು ಸಾಕಾಯಿತು. ಮೀಟರಿನವರು ಇದನ್ನು ಪುಸ್ತಕದಲ್ಲಿ ಬರೆದುಕೊಂಡರು. ಅವರು ಬರೆದ ಹಾಳೆಯನ್ನು ಮನೆಗೆ ತಂದು ಕೂಸಿಗೆ ತೋರಿಸಿದೆ. ಅದು ಹಾಳೆ ನೆಕ್ಕಿತು.

ಆದರೂ ಉಳಿಯುವ ನೀರಿಗೆ ಆರುವ ಜಾಗ ಬೇಕು. ಮೊದಲು ಸುತ್ತ ಬದು ಹಾಕಿ ಮೊಣಕಾಲುದ್ದ ಆಳದ ಮಡಿ ಕಟ್ಟಿ ದಪ್ಪ ಪ್ಲಾಸ್ಟಿಕ್ ಹಾಸಿದೆವು. ಹತ್ತು ದಿನವಾದರೂ ನೀರು ಇಳಿಯಲಿಲ್ಲ, ಮೇಲೆ ಸೊಳ್ಳೆ ಕೂತಿತು. ಆಗ ಘಟ್ಟದ ಕೆಳಗೆ ನನ್ನ ಚಿಕ್ಕಮ್ಮನ ಊರಿನ ಉಪ್ಪಿನ ಗದ್ದೆ ನೆನಪಾಯಿತು. ಅಲ್ಲಿ ನೀರು ಬೆರಳು ಮುಳುಗುವಷ್ಟೇ ನಿಲ್ಲಿಸುತ್ತಾರೆ. ಗುಡ್ನಾಪುರದವನಿಗೆ ಹೇಳಿದೆ.

"ಬೆರಳು ಅಂದ್ರ ಯಾರ ಬೆರಳ್ರಿ ಅಮ್ಮಾರ? ನಿಮ್ದೋ, ನಿಮ್ಮ ಮೊಮ್ಮಗಳ್ದೋ?" ಎಂದ. ಆದರೂ ಮಡಿ ಒಡೆದು ಮತ್ತೆ ಕಟ್ಟಿದ. ಐದನೇ ದಿನ ಅಂಚಿನಲ್ಲಿ ಬಿಳೀ ಹರಳು ಕಂಡಿತು. ಆರನೇ ದಿನ ಮಧ್ಯಾಹ್ನ ಹೊತ್ತಲ್ಲದ ಹೊತ್ತಿನ ಅಡ್ಡಮಳೆಯ ಮೋಡ ಬಂತು. ಮಡಿ ತುಂಬಿ ಹರಿದರೆ ಎಲ್ಲ ಮತ್ತೆ ಬಾವಿಗೇ. ಸಾಸಿವೆಯವಳು ಬಾಣಲೆ ಇಳಿಸಿ ಓಡಿ ಬಂದಳು, ಮೇಡಂ ಚಪ್ಪಲಿ ಬಿಟ್ಟು ಬಂದರು, ತಾಡಪಾಲು ಎಳೆದೆವು. ಒಂದು ಮೂಲೆಗೆ ಸಾಲಲಿಲ್ಲ. ಮ್ಯಾನೇಜರು ಉದ್ಘಾಟನೆಯ ಬೋರ್ಡನ್ನು ಹೊತ್ತುತಂದು ಆ ಮೂಲೆಗೆ ಮುಚ್ಚಿದರು. ಅದರ ಮೇಲೆ ಮಳೆ ಡಬಡಬ ಬಡಿಯುವಾಗ ಸಾಸಿವೆಯವಳು, "ಬೋರ್ಡು ಒಳ್ಳೇದಿದ್ದು, ಸೋರ್ತಿಲ್ಲೆ" ಎಂದಳು. ಮೇಡಂ ಎಲ್ಲರಿಗಿಂತ ಹೆಚ್ಚು ನಕ್ಕರು.

ಉಪ್ಪುನೀರು ಹಂಚುವುದನ್ನು ಮತ್ತೆ ಶುರುಮಾಡಿಸಿದವರೂ ಅವರೇ. ಮೇಲಿನವರಿಗೆ ಏನು ಬರೆದರೋ, ಪರೀಕ್ಷೆ ಮಾಡಿಸಿದ ಡ್ರಮ್ಮಿನಿಂದ ಕೊಡಬಹುದು ಎಂದು ಒಪ್ಪಿಗೆ ಬಂತು. ಸೌಟು ಹಿಡಿದು ಮ್ಯಾನೇಜರು ನಿಂತರು, ಪಕ್ಕದಲ್ಲಿ ನಾನು. ಸರತಿಯಲ್ಲಿ ಮೊದಲು ಬಂದವಳು ಅತ್ತಿಗೆ. ಕೇರಿಯವರ ಮುಂದೆ ನಾನು ಮಾಡಿದ್ದನ್ನು ನಾನೇ ಹೇಳಿದೆ. ಅತ್ತಿಗೆ ಕುಡಿಕೆ ಮುಂದೆ ಹಿಡಿದು, "ಗೊತ್ತಿದ್ದದ್ದನ್ನೇ ಎಷ್ಟು ಸಲ ಹೇಳ್ತೀಯೆ, ತುಂಬ ಹಾಕು" ಎಂದಳು. ಮ್ಯಾನೇಜರು ಎರಡು ಸೌಟು ಹೆಚ್ಚಿಗೆ ಹಾಕಿದರು. ಆಮೇಲೆ ಅವಳು ಹತ್ತು ನಿಮಿಷ ಅವರಿಗೆ ಬೈದಳು. ಅವರು ಸೌಟು ಹಿಡಿದೇ ಕೇಳಿದರು. ಹಿಂದಿನವರು ಕಾಯುತ್ತ ನಿಂತರು, ಯಾರಿಗೂ ಅವಸರವಿರಲಿಲ್ಲ.

ಬಾವಿಯ ನೀರು ತೀರ ಕೆಳಗಿಳಿದ ಮೇಲೆ ಪಂಪು ಹಚ್ಚಿ ಪೂರಾ ಎತ್ತಿದೆವು. ಆ ನೀರೂ ಟ್ಯಾಂಕರಿನಲ್ಲಿ ಮಡಿಗೇ ಹೋಯಿತು. ಕೆಸರು ತೆಗೆಯಲು ಕೇರಿಯ ಗಂಡಸರ ಜೊತೆ ಮ್ಯಾನೇಜರೂ ಲುಂಗಿ ಎತ್ತಿಕಟ್ಟಿ ಹಗ್ಗ ಹಿಡಿದು ಇಳಿದರು.

"ಸಾಯ್ಬ್ರೇ, ಕೆಳಗೆ ನೆಟ್‌ವರ್ಕ್ ಸಿಕ್ತದಾ?" ಎಂದು ಅತ್ತಿಗೆ ಬಗ್ಗಿ ಕೇಳಿದಳು.

"ಸಿಕ್ತದೆ, ನಿಮ್ಮ ಧ್ವನಿ ಇಲ್ಲಿಗೂ ಸರಿಯಾಗಿ ಕೇಳ್ತದೆ" ಎಂದು ಕೆಳಗಿಂದ ಉತ್ತರ ಬಂತು.

ಮೂರು ಸಲ ಎತ್ತಿದೆವು. ಮೂರು ಸಲವೂ ಒರತೆಯ ನೀರು ಬಂದು ತುಂಬಿದಾಗ ಬೆರಳದ್ದಿದೆ. ಮೂರು ಸಲವೂ ಉಪ್ಪು. ಇನ್ನು ಮಳೆಯೇ ತೊಳೆಯಬೇಕು ಎಂದರು ಮೇಡಂ ಕಳಿಸಿದ ಪರೀಕ್ಷೆಯವರು. ಒಂದು ಮಳೆಗಾಲಕ್ಕೆ ಆಗಬಹುದು, ಆಗದೆಯೂ ಇರಬಹುದು ಎಂದರು. ಆ ಎರಡನೇ ಮಾತು ನನ್ನ ಎದೆಯಲ್ಲಿ ಮಳೆಗಾಲ ಪೂರಾ ಕೂತಿತ್ತು. ನಮ್ಮ ಅಜ್ಜಿಯ ಅಜ್ಜಿ ನೀರು ಸೇದಿದ ಬಾವಿ ಅದು. ನನ್ನ ಕೈಯಲ್ಲಿ ಕೆಟ್ಟಿತು ಎಂದು ಕೂಸಿಗೆ ಯಾವ ಬಾಯಲ್ಲಿ ಹೇಳಲಿ. ವಾರಕ್ಕೊಮ್ಮೆ ಕೊಡೆ ಹಿಡಿದು ಹೋಗಿ ಬೆರಳದ್ದುತ್ತಿದ್ದೆ. ಆಷಾಢದಲ್ಲಿ ನಾಲಿಗೆಯ ಎರಡೂ ಅಂಚಿಗೆ ಉಪ್ಪು. ಚೌತಿಗೆ ತುದಿಗಷ್ಟೇ. ನವರಾತ್ರಿಯಲ್ಲಿ ಇದೆಯೋ ಇಲ್ಲವೋ ಎಂದು ನಾಲಿಗೆಗೇ ಅನುಮಾನ.

ದೀಪಾವಳಿಯ ನೀರು ತುಂಬುವ ಹಬ್ಬ ಬಂತು. ಪೈಪಿನ ನೀರು ಮನೆಯಲ್ಲಿತ್ತು. ಮಗಳು, "ಅದನ್ನೇ ತುಂಬನ ಅವ್ವಾ, ಎಂತಕ್ಕೆ ಸುಮ್ಮನೆ" ಎಂದಳು. ಬೇಡ ಎಂದೆ. ಬಾವಿಗೆ ಹೂವು ಏರಿಸಿ, ಬಾವಿಯಿಂದಲೇ ಸೇದಿ ಹಂಡೆ ತುಂಬಿದೆ. ಬೆರಳು ಅದ್ದಲಿಲ್ಲ. ಅದ್ದಲು ಧೈರ್ಯವಾಗಲಿಲ್ಲ.

ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚಿ ಬಚ್ಚಲಲ್ಲಿ ಕಾಲು ನೀಡಿ ಕೂತೆ. ಈಗ ಅದು ಬೋರಲು ಮಲಗುವ ಕೂಸಲ್ಲ, ಕಾಲ ಮೇಲೆ ಕೂತು ಚೊಂಬಿಗೆ ಕೈ ಹಾಕುವ ಪುಂಡಿ. ತಲೆಗೆ ನೀರು ಹೊಯ್ದು ಸೋಪು ಉಜ್ಜಿದೆ. ಮೊದಲು ಏನೂ ಆಗಲಿಲ್ಲ, ಎಣ್ಣೆಯ ತಲೆಯಲ್ಲವೇ. ಇನ್ನೊಮ್ಮೆ ನೀರು, ಇನ್ನೊಮ್ಮೆ ಸೋಪು. ನನ್ನ ಬೆರಳ ಸಂದಿಯಿಂದ ನೊರೆ ಎದ್ದಿತು. ಬಿಳೀ ನೊರೆ, ಹಾಲು ಉಕ್ಕಿದಂತೆ ಎದ್ದು ಆ ಎಡಗಿವಿಯ ಮಡಿಕೆಯನ್ನೂ ಮುಚ್ಚಿತು. ಕೂಸು ಅದನ್ನು ಹಿಡಿಯಹೋಗಿ ಬಾಯಿಗಿಟ್ಟುಕೊಂಡು ಮುಖ ಕಿವುಚಿತು. ನಾನು ಕರೆದದ್ದು ಕೇಳಿ ಮಗಳು ಓಡಿ ಬಂದಳು, ಬೇಲಿಯಾಚೆಯಿಂದ ಅತ್ತಿಗೆ "ಎಂತಾತೇ?" ಎಂದು ಕೂಗಿದಳು.

ನಾನು ಹಂಡೆಗೆ ಬೆರಳದ್ದಿ ನಾಲಿಗೆಗಿಟ್ಟೆ. ನೀರಿಗೆ ಯಾವ ರುಚಿಯೂ ಇರಲಿಲ್ಲ.